ಪಾಲಿಶರ್ ಅಟ್ಟ ಹತ್ತಿದ ಕಥೆ

2024ರ ಸೆಪ್ಟೆಂಬರಿನಲ್ಲಿ ನಮ್ಮ ಸಾಹುಕಾರರು ಸಿಂಧನೂರಿನ ಕಡೆಯಿಂದ ಒಂದು ಹಳೆಯ ಪಾಲಿಶರ್, ಅಂದರೆ ಅಕ್ಕಿಯನ್ನು ಉಜ್ಜಿ ಪಾಲಿಶ್ ಮಾಡುವ ಯಂತ್ರ, ಕೊಂಡು ತಂದರು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತಾಡಪಾಲು ಹೊದ್ದು ಕುಳಿತಿದ್ದ ಅದನ್ನು ತೋರಿಸಿ, "ಕೆಳಗೆ ಜಾಗವಿಲ್ಲ, ಅಟ್ಟದ ಮೇಲೆ ಹಾಕಿಸಿಬಿಡು" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಇನ್ನೆರಡು ತಿಂಗಳಿಗೆ ಹೊಸ ಭತ್ತ ಬರುತ್ತದೆ. ಆಗ ಗೋದಾಮಿನ ಒಂದೊಂದು ಗೇಣು ಜಾಗಕ್ಕೂ ಬೆಲೆ. ಮೇಲೆ ಯಂತ್ರ ಒಣಗಿದ ಜಾಗದಲ್ಲಿರುತ್ತದೆ, ಯಾರ ಕಾಲಿಗೂ ತೊಡರುವುದಿಲ್ಲ. ಆದರೆ ಆ "ಹಾಕಿಸಿಬಿಡು" ಎಂಬ ಒಂದು ಪದ ನನ್ನ ಇಪ್ಪತ್ತೆರಡು ದಿನ ತಿಂದಿತು.

ನಾನು ಕಾರಟಗಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಎಂಜಿನಿಯರ್ ಅಲ್ಲ, ಐಟಿಐ ಮುಗಿಸಿ ಗಂಗಾವತಿ, ಸಿಂಧನೂರು, ಕಾರಟಗಿ ಎಂದು ಈ ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳ ಮಿಲ್ಲುಗಳಲ್ಲಿಯೇ ಕೈ ಪಳಗಿಸಿಕೊಂಡವನು. ನಮ್ಮ ಅಟ್ಟ ಪೂರ್ತಿ ಕಬ್ಬಿಣದ್ದು. ಒಂಬತ್ತು ಮೀಟರ್ ಉದ್ದ, ಆರು ಮೀಟರ್ ಅಗಲ, ನೆಲದಿಂದ ಮೂರು ಮೀಟರಿಗಿಂತ ತುಸು ಎತ್ತರ. ಮೂರು ಸಾಲಿನಲ್ಲಿ ಮೂರು ಮೂರು ಕಂಬ. ಉದ್ದಕ್ಕೆ ಇಂಗ್ಲಿಷಿನ I ಆಕಾರದ 250 ಮಿಲಿಮೀಟರಿನ ತೊಲೆಗಳು, ಅವುಗಳ ನಡುವೆ ಮೂರು ಮೀಟರ್ ಅಂತರಕ್ಕೆ ಅಡ್ಡಲಾಗಿ C ಆಕಾರದ 100 ಮಿಲಿಮೀಟರಿನ ಚಾನೆಲ್‌ಗಳು, ಚಾನೆಲಿನಿಂದ ಚಾನೆಲಿಗೆ ಮುಕ್ಕಾಲು ಮೀಟರ್. ಮೇಲೆ ಕಾಲು ಜಾರದಂತೆ ಉಬ್ಬುಗೆರೆಯಿರುವ ಆರು ಮಿಲಿಮೀಟರಿನ ಚೆಕರ್ಡ್ ಪ್ಲೇಟ್. ಗೋಣಿಚೀಲ, ಬೆಲ್ಟು, ರಬ್ಬರ್ ರೋಲು, ಜರಡಿ ಇಡಲೆಂದು ಎಂಟು ವರ್ಷದ ಹಿಂದೆ ಕಟ್ಟಿಸಿದ್ದು. ನಕ್ಷೆ ಇಲ್ಲ, ಲೆಕ್ಕದ ಕಾಗದ ಇಲ್ಲ. ಕಟ್ಟಿದವರು ಹೋಗುವಾಗ "ಐದು ಟನ್ ತಡೆಯುತ್ತದೆ" ಎಂದು ಹೇಳಿ ಹೋಗಿದ್ದರು, ಅಷ್ಟೇ. ಐದು ಟನ್ ಎಲ್ಲಿ? ಇಡೀ ಅಟ್ಟದ ಮೇಲೆ ಹರಡಿದರೆಯೋ, ಒಂದೇ ಮೂಲೆಯಲ್ಲಿ ಇಟ್ಟರೆಯೋ? ಅದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಾನು ಕೇಳುವ ಸ್ವಭಾವದವನಾದದ್ದು ಒಂದು ಪೆಟ್ಟು ತಿಂದ ಮೇಲೆ. 2009ರಲ್ಲಿ ಬೇರೊಂದು ಗಿರಣಿಯಲ್ಲಿ ಹೆಲ್ಪರ್ ಆಗಿದ್ದಾಗ ಇಂಥದ್ದೇ ಅಟ್ಟದ ಮೇಲೆ ಒಂದು ದೊಡ್ಡ ಮೋಟಾರನ್ನು ಕೈಗಾಡಿಯಲ್ಲಿ ತಳ್ಳುತ್ತಿದ್ದೆವು. ಮೋಟಾರು ಇಡಬೇಕಾದ ಜಾಗ ಗಟ್ಟಿಯಾಗಿಯೇ ಇತ್ತು. ಕೆಳಗೆ ಕಂಬವಿದೆ ಎಂದು ಎಲ್ಲರೂ ನೋಡಿಕೊಂಡಿದ್ದರು. ಅಲ್ಲಿಗೆ ಹೋಗುವ ದಾರಿಯಲ್ಲಿ ಎರಡು ಪ್ಲೇಟುಗಳ ಸಂದು ಸಿಕ್ಕಿತು. ಆ ಸಂದಿನ ಕೆಳಗೆ ಚಾನೆಲ್ ಇರಲಿಲ್ಲ. ಕೈಗಾಡಿಯ ಮುಂದಿನ ಗಾಲಿ ಅಂಗೈಯಗಲವೂ ಇಲ್ಲದ ನೈಲಾನ್ ಉರುಳೆ. ಭಾರವೆಲ್ಲ ಆ ಎರಡು ಉರುಳೆಗಳ ಮೇಲೆ. ಪ್ಲೇಟಿನ ಅಂಚು ಹಪ್ಪಳದ ಹಾಗೆ ಬಾಗಿತು, ಗಾಲಿ ಇಳಿಯಿತು, ಮೋಟಾರು ವಾಲಿತು. ಅಟ್ಟದ ಅಂಚಿನ ಕೈಕಂಬಿ ಮುರಿದುಕೊಂಡು ಕೆಳಗಿನ ತೌಡಿನ ಚೀಲಗಳ ಮೇಲೆ ಬಿತ್ತು. ಚೀಲಗಳ ಮೇಲೆ ಬಿದ್ದದ್ದೇ ಪುಣ್ಯ. ಕೆಳಗೆ ಐದು ನಿಮಿಷ ಮೊದಲು ಇಬ್ಬರು ಕುಳಿತು ಬೀಡಿ ಸೇದುತ್ತಿದ್ದರು. ನನ್ನ ಎಡಗೈಯ ಕಿರುಬೆರಳು ಮೋಟಾರಿಗೂ ಕಂಬಿಗೂ ನಡುವೆ ಸಿಕ್ಕಿತ್ತು. ಅದು ಇಂದಿಗೂ ಪೂರ್ತಿ ಮಡಚುವುದಿಲ್ಲ. ಯಂತ್ರ ಕೂರುವ ಜಾಗವನ್ನು ಎಲ್ಲರೂ ನೋಡುತ್ತಾರೆ, ಅದು ನಡೆದು ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಮುಂದೆ ನಾನು ಬರೆಯುವುದೆಲ್ಲ ಆ ದಾರಿಯ ವಿಚಾರವೇ.

ಮೊದಲು ತೂಕ. ಪಾಲಿಶರಿನ ಹೆಸರಿನ ಫಲಕ ಎಂದೋ ಉದುರಿಹೋಗಿತ್ತು. ಮಾರಿದವನು "ಆರೇಳು ಕ್ವಿಂಟಲ್" ಎಂದಿದ್ದನಂತೆ. ಹಮಾಲರ ಮೇಸ್ತ್ರಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ "ಎಂಟು" ಎಂದ. ನಮ್ಮಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇರುವಾಗ ಊಹೆಯ ಹಂಗು ಏಕೆ? ಟ್ರೇಲರನ್ನು ಯಂತ್ರದ ಸಮೇತ ತೂಗಿಸಿ, ಇಳಿಸಿದ ಮೇಲೆ ಖಾಲಿ ತೂಗಿಸಿದೆ. ವ್ಯತ್ಯಾಸ 1,180 ಕಿಲೋ. ಎರಕದ ಬುಡ, ಒಳಗೆ ಅಕ್ಕಿ ಉಜ್ಜುವ ಎಮೆರಿ ಕಲ್ಲು, 50 ಎಚ್‌ಪಿ ಮೋಟಾರು, ಪುಲ್ಲಿ ಎಲ್ಲ ಸೇರಿ. ಮಾರಿದವನು ಹೇಳಿದ್ದಕ್ಕಿಂತ ಹತ್ತಿರ ಹತ್ತಿರ ಐದು ಕ್ವಿಂಟಲ್ ಹೆಚ್ಚು. ಆ ಐದು ಕ್ವಿಂಟಲ್ ಲೆಕ್ಕಕ್ಕೆ ಸಿಗದೆ ಹೋಗಿದ್ದರೆ ಮುಂದಿನ ಲೆಕ್ಕವೆಲ್ಲ ನೀರಿನ ಮೇಲಿನ ಬರಹ.

ತೂಕ ತಿಳಿದ ಮೇಲೆ ಮಾಡಿದ ಕೆಲಸ ಬಿಚ್ಚುವುದು. ಮೋಟಾರು ಮತ್ತು ಅದರ ಹಳಿ ಕಳಚಿ ಬೇರೆಯಾಗಿ ತೂಗಿದಾಗ 330 ಕಿಲೋ, ಮೈ 850. ಸಾಹುಕಾರರಿಗೆ ಇದು ಹಿಡಿಸಲಿಲ್ಲ. ಮತ್ತೆ ಜೋಡಿಸುವಾಗ ಮೋಟಾರು, ಯಂತ್ರಗಳ ನೇರ, ಅಂದರೆ ಅಲೈನ್‌ಮೆಂಟ್ ಹೋಗುತ್ತದೆ ಎಂಬ ಚಿಂತೆ. ಅಲೈನ್‌ಮೆಂಟನ್ನು ಅರ್ಧ ದಿನದಲ್ಲಿ ಕೂರಿಸಬಹುದು, ಬೆರಳನ್ನು ಕೂರಿಸಲಾಗುವುದಿಲ್ಲ ಎಂದೆ. ಅವರು ನನ್ನ ಕೈಯನ್ನು ನೋಡಿ ಸುಮ್ಮನಾದರು.

ಇನ್ನು ಅಟ್ಟದ ಶಕ್ತಿ. ಲಾರಿಗೆ ಚೀಲ ಏರಿಸುವ ಹಲಗೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 75 ಕಿಲೋ ಭತ್ತದ ಚೀಲ ಹೊತ್ತ ಹಮಾಲ ಹಲಗೆಯ ತುದಿಯಲ್ಲಿ ನಿಧಾನಿಸುತ್ತಾನೆ, ನಡುವಿನಲ್ಲಿ ನಿಲ್ಲುವುದಿಲ್ಲ. ಹಲಗೆ ಜಗ್ಗುವುದು ನಡುವಿನಲ್ಲಿ. ಮುಂದಿನವನು ಲಾರಿಗೆ ಇಳಿಯುವ ತನಕ ಹಿಂದಿನವನು ಹಲಗೆಗೆ ಕಾಲಿಡುವುದಿಲ್ಲ. ತೊಲೆಯ ಶಾಸ್ತ್ರವೂ ಇದೇ. ಒಂದು ಭಾರವನ್ನು ತೊಲೆಯುದ್ದಕ್ಕೂ ಸಮನಾಗಿ ಹರಡಿದಾಗ ತೊಲೆ ಎಷ್ಟು ಬಾಗಿಸುವ ಒತ್ತಡ ಅನುಭವಿಸುತ್ತದೆಯೋ, ಅದೇ ಭಾರವನ್ನು ನಟ್ಟನಡುವೆ ಒಂದೇ ಬಿಂದುವಿನಲ್ಲಿ ಇಟ್ಟರೆ ಅದರ ಎರಡು ಪಟ್ಟು ಅನುಭವಿಸುತ್ತದೆ. ಅದನ್ನೇ ಕಂಬದ ಪಕ್ಕಕ್ಕೆ ಸರಿಸಿದರೆ ತೊಲೆಗೆ ಗೊತ್ತೂ ಆಗುವುದಿಲ್ಲ. ಆದ್ದರಿಂದ "ಈ ಅಟ್ಟ ಎಷ್ಟು ತಡೆಯುತ್ತದೆ" ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಲು ಸಾಧ್ಯವಿಲ್ಲ.

ಇಷ್ಟು ಗೊತ್ತಿದ್ದರೂ ಅಂಕಿ ಹಾಕುವುದು ನನ್ನ ಕೆಲಸವಲ್ಲ. ಗಂಗಾವತಿಯಿಂದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆವು. ಅವರ ಫೀಸು ಪಾಲಿಶರಿನ ಎಮೆರಿ ಕಲ್ಲುಗಳ ಬೆಲೆಗಿಂತ ಕಡಿಮೆ; ಇದನ್ನು ಸಾಹುಕಾರರ ಎದುರು ಎರಡು ಸಲ ಹೇಳಿದೆ. ಎಂಜಿನಿಯರು ವರ್ನಿಯರ್ ಎಂಬ ಅಳತೆಗೋಲು ಹಿಡಿದು ಚಾನೆಲಿನ ದಪ್ಪ ಅಳೆದರು, ತೊಲೆಯ ಆಳ ಅಳೆದರು, ಏಣಿ ಹತ್ತಿ ಪ್ರತಿ ಜೋಡಣೆಗೂ ಟಾರ್ಚ್ ಬಿಟ್ಟರು. ಮರುದಿನ ಲೆಕ್ಕ ತಂದರು. ಚಾನೆಲ್‌ಗಳು ಮುರಿಯುವುದಕ್ಕೆ ಬಹಳ ಮುಂಚೆಯೇ ಮಿತಿ ಮೀರಿ ಬಾಗುತ್ತವೆ. ಮೂರು ಮೀಟರಿನ ಚಾನೆಲ್ 10 ಮಿಲಿಮೀಟರಿಗಿಂತ ಹೆಚ್ಚು ಬಾಗಬಾರದು ಎಂದು ಹಿಡಿದರೆ ಈ ಅಟ್ಟಕ್ಕೆ ಚದರ ಮೀಟರಿಗೆ 500 ಕಿಲೋ ಮಾತ್ರ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗ ಉಗ್ರಾಣದ ನೆಲಕ್ಕೆ ಕನಿಷ್ಠ 7.5 ಕಿಲೋನ್ಯೂಟನ್, ಅಂದರೆ ಚದರ ಮೀಟರಿಗೆ ಸುಮಾರು 765 ಕಿಲೋ ಹಿಡಿಯಬೇಕು ಎನ್ನುತ್ತದೆ. ವಾಸದ ಮನೆಗೆ 2 ಕಿಲೋನ್ಯೂಟನ್, ಸುಮಾರು 200 ಕಿಲೋ. "ನಿಮ್ಮದು ಮನೆಗಿಂತ ಗಟ್ಟಿ, ಗೋದಾಮಿಗಿಂತ ಸಪ್ಪೆ" ಎಂದರು ಎಂಜಿನಿಯರು. ಸಾಹುಕಾರರ ಮುಖವೂ ಸಪ್ಪೆಯಾಯಿತು.

ಆಮೇಲೆ ಎಂಜಿನಿಯರು ಕೇಳಿದ ಪ್ರಶ್ನೆ ನನಗೂ ಹೊಳೆದಿರಲಿಲ್ಲ. "ಈಗ ಮೇಲೆ ಏನಿದೆ?" ಖಾಲಿ ಗೋಣಿಚೀಲ ಎಂದೆವು. ಖಾಲಿ ಎಂಬ ಪದದಲ್ಲಿಯೇ ಮೋಸವಿದೆ. 50 ಕಿಲೋ ಧಾನ್ಯ ಹಿಡಿಯುವ ಸೆಣಬಿನ ಚೀಲ ಒಂದಕ್ಕೆ 580 ಗ್ರಾಂ. ಅಂಥ 500 ಚೀಲ ಬಿಗಿದ ಒಂದು ಬೇಲ್ ಎಂದರೆ 290 ಕಿಲೋ. ನಮ್ಮ ಬೇಲ್ ಒಂದು ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ ಕೂರುತ್ತದೆ. ಒಂದೇ ಸಾಲಿಗೆ ಚದರ ಮೀಟರಿಗೆ 390 ಕಿಲೋದ ಹತ್ತಿರ ಬಂತು. ನಾವು ಒಂದರ ಮೇಲೊಂದು ಎರಡು ಸಾಲು ಪೇರಿಸಿದ್ದೆವು. ಅಂದರೆ 770ಕ್ಕೂ ಮೇಲೆ. ಅದೂ ಮಳೆಗಾಲ, ಸೆಣಬು ಗಾಳಿಯ ತೇವವನ್ನು ಹೀರಿಕೊಂಡು ಇನ್ನಷ್ಟು ತೂಗುತ್ತದೆ. ಪಾಲಿಶರ್ ಬರುವ ಮೊದಲೇ ಅಟ್ಟದ ಆ ಭಾಗ ಮಿತಿ ದಾಟಿತ್ತು. ಎಂಟು ವರ್ಷ ಅದರ ಕೆಳಗೆ ನಿಂತು ನಾನು ಟೀ ಕುಡಿದಿದ್ದೇನೆ.

ನಂಬಿಕೆ ಬರಲೆಂದು ನೂಲು ಕಟ್ಟಿದೆ. ಮೇಸ್ತ್ರಿಗಳು ಗೋಡೆಗೆ ಹಿಡಿಯುವ ನೈಲಾನ್ ನೂಲನ್ನೇ ಬೇಲ್ ಇರುವ ಕಡೆಯ ಒಂದು ಚಾನೆಲಿನ ಕೆಳಗೆ ಈ ತುದಿಯಿಂದ ಆ ತುದಿಗೆ ಎಳೆದು ಬಿಗಿದೆ. ಎರಡು ತುದಿಯಲ್ಲಿಯೂ ಒಂದೇ ದಪ್ಪದ ಮರದ ತುಂಡು ಕೊಟ್ಟೆ, ನೂಲು ಚಾನೆಲಿಗೆ ತಾಗಬಾರದಲ್ಲ. ನಡುವಿನಲ್ಲಿ ಸ್ಟೀಲ್ ಸ್ಕೇಲ್ ಹಿಡಿದು ನೋಡಿದರೆ ನೂಲಿಗೂ ಚಾನೆಲಿಗೂ ನಡುವಿನ ಸಂದು ತುದಿಗಿಂತ 14 ಮಿಲಿಮೀಟರ್ ಕಡಿಮೆ. ಮೇಲಿನ ಸಾಲಿನ ಬೇಲ್‌ಗಳನ್ನು ಇಳಿಸಿದೆವು: 8. ಎಲ್ಲವನ್ನೂ ಇಳಿಸಿದೆವು: 3. ಆ ಮೂರು ಕಟ್ಟುವಾಗಲೇ ಉಳಿದ ಓರೆಕೋರೆ. ಚಾನೆಲ್ ತನ್ನ ಜಾಗಕ್ಕೆ ಮರಳಿತ್ತು ಎಂಬುದೇ ಸಮಾಧಾನ. ಮರಳದೆ 7ರಲ್ಲೋ 8ರಲ್ಲೋ ನಿಂತಿದ್ದರೆ ಅದನ್ನು ತೆಗೆದು ಬೇರೆ ಹಾಕಬೇಕಾಗಿತ್ತು. ಕಣ್ಣಿಗೆ ಏನೂ ಕಾಣದ ಕಬ್ಬಿಣ ನೂಲಿಗೆ ಎಲ್ಲವನ್ನೂ ಹೇಳುತ್ತದೆ. ಒಂದು ಉಂಡೆ ನೂಲು, ಒಂದು ಸ್ಕೇಲ್. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಎಂಜಿನಿಯರು ಕೇಳಿದ ಎರಡನೆಯ ಪ್ರಶ್ನೆ: "ಕಂಬದ ಕೆಳಗೆ ಏನಿದೆ?" ಬೇಸ್ ಪ್ಲೇಟ್ ಇದೆ, ಅದು ನೆಲದ ಕಾಂಕ್ರೀಟಿಗೆ ಬೋಲ್ಟ್ ಆಗಿದೆ. "ಅದರ ಕೆಳಗೆ?" ಯಾರಿಗೂ ಗೊತ್ತಿಲ್ಲ. ನಡುವಿನ ಕಂಬದ ಪಕ್ಕ ಅಗೆದು ನೋಡಿದರೆ ನಾಲ್ಕು ಇಂಚು ಕಾಂಕ್ರೀಟ್, ಅದರಡಿ ಮೊರಂ ಒಂದು ಪದರ, ಅದರಡಿ ನಮ್ಮ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣು. ಉಳಿದೆಲ್ಲ ಕಂಬಗಳಿಗಿಂತ ಹೆಚ್ಚು ಭಾರ ಹೊರುವ ನಡುಗಂಬ ನೆಲದ ಗಿಲಾವಿನ ಮೇಲೆ ಚೊಂಬಿಟ್ಟ ಹಾಗೆ ನಿಂತಿತ್ತು. ಅಟ್ಟ ತುಂಬಿದಾಗ ಆ ಒಂದು ಕಂಬದ ಮೇಲೆ ಏಳೂವರೆ ಟನ್ ಬರುತ್ತದೆ ಎಂದು ಎಂಜಿನಿಯರು ಕೂಡಿಸಿ ತೋರಿಸಿದಾಗ ಸಾಹುಕಾರರೇ "ತಳಪಾಯ ಹಾಕಿಸಿ" ಎಂದರು. ನಡುಗಂಬಕ್ಕೂ ಯಂತ್ರ ಏರುವ ಬದಿಯ ಕಂಬಕ್ಕೂ ಎರಡು ಕಡೆ ಜಾಕ್ ಪ್ರಾಪ್ ಎಂಬ ಆಸರೆಗಂಬ ಕೊಟ್ಟು ತೊಲೆಯನ್ನು ಹಿಡಿದು, ನೆಲ ಒಡೆದು, ಗಟ್ಟಿ ಪದರ ಸಿಗುವವರೆಗೆ ಅಗೆದು 1.2 ಮೀಟರ್ ಚೌಕದ ಕಬ್ಬಿಣ ಕಟ್ಟಿದ ತಳಪಾಯ ಹಾಕಿದೆವು. ಇಪ್ಪತ್ತೆರಡು ದಿನಗಳಲ್ಲಿ ಹದಿನಾಲ್ಕು ದಿನ ಇದಕ್ಕೇ ಹೋಯಿತು. ಕಾಂಕ್ರೀಟಿಗೆ ನೀರುಣಿಸುವ ದಿನಗಳನ್ನು ಯಾರ ಅವಸರಕ್ಕೂ ಕಡಿಮೆ ಮಾಡಲಾಗುವುದಿಲ್ಲ.

ಕಾಯುವ ದಿನಗಳಲ್ಲಿ ಸಣ್ಣ ರಿಪೇರಿಗಳು ಮುಗಿದವು. ತೊಲೆ ಕಂಬಕ್ಕೆ ಸೇರುವ ಕಡೆ ನಾಲ್ಕು ತೂತಿಗೆ ಎರಡೇ ಬೋಲ್ಟ್ ಇದ್ದ ಜಾಗಗಳು ಮೂರು ಸಿಕ್ಕವು. ತುಂಬಿಸಿ ಬಿಗಿದೆ. ಅಟ್ಟದ ಅಂಚನ್ನು ಹಿಡಿದು ತಳ್ಳಿದರೆ ಇಡೀ ಅಟ್ಟ ತೊಟ್ಟಿಲಿನಂತೆ ಒಂದು ಕೂದಲೆಳೆ ತೂಗುತ್ತಿತ್ತು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಆ್ಯಂಗಲ್ ಕೊಟ್ಟು ಅದನ್ನು ನಿಲ್ಲಿಸಿದೆವು. ಇದು ಸುಮ್ಮನೆ ಮಾಡಿದ್ದಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಎಳೆದರೆ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ಬಲ ಅಡ್ಡಲಾಗಿ ಬೀಳುತ್ತದೆ. ಮೇಲಿಂದ ಕೆಳಕ್ಕೆ ಹೊರಲು ಕಟ್ಟಿದ ಅಟ್ಟ ಪಕ್ಕಕ್ಕೆ ಎಳೆಸಿಕೊಳ್ಳಲು ತಯಾರಿರುವುದಿಲ್ಲ.

ಪಾಲಿಶರ್ ಎಲ್ಲಿ ಕೂರಬೇಕು ಎಂಬುದಕ್ಕೆ ಜಗಳವೇ ಆಯಿತು. ಸಾಹುಕಾರರಿಗೆ ಹಿಂದಿನ ಮೂಲೆ ಬೇಕು. ಬಂದವರ ಕಣ್ಣಿಗೆ ಹಳೆಯ ಯಂತ್ರ ಬೀಳಬಾರದು. ಆ ಮೂಲೆಯಲ್ಲಿ ಕಂಬವಿದೆ, ಕೂತ ಮೇಲೆ ತೊಂದರೆಯಿಲ್ಲ. ಆದರೆ ಅಲ್ಲಿಗೆ ಹೋಗಲು ಎಂಟು ಮೀಟರ್, ಅದರಲ್ಲಿ ಮುಕ್ಕಾಲು ಪಾಲು ಚಾನೆಲ್‌ಗಳ ನಟ್ಟನಡುವೆ. ನಾಲ್ಕು ಕಾಲಿನ ಯಂತ್ರ ನಾಲ್ಕು ಕಾಲಿನ ಮೇಲೂ ಸಮನಾಗಿ ಭಾರ ಹಾಕುತ್ತದೆ ಎಂದು ನಂಬಬಾರದು. ಪ್ಲೇಟ್ ಎಲ್ಲೋ ಒಂದು ಕಡೆ ತಗ್ಗಿದ್ದರೆ ಓರೆಯ ಎರಡು ಕಾಲುಗಳೇ ಬಹುಪಾಲು ಹೊರುತ್ತವೆ. ಒಂದೇ ಚಾನೆಲಿನ ನಡುವೆ 600 ಕಿಲೋ ಬಂದರೆ ಬಾಗುವುದು 9 ಮಿಲಿಮೀಟರ್. ಅದೂ ನಿಂತ ಭಾರಕ್ಕೆ. ಜಗ್ಗಿ ಎಳೆಯುವಾಗಿನ ಕುಕ್ಕು ಅದರಲ್ಲಿ ಸೇರಿಲ್ಲ. ನಾನು ಸೂಚಿಸಿದ್ದು ನಡುಸಾಲಿನ ತೊಲೆ. ಯಂತ್ರ ಏರುವ ಬದಿಯಿಂದ ನಡುಗಂಬದ ತನಕ ಆ ತೊಲೆ ನೇರ ಹೋಗುತ್ತದೆ. ಅದರ ಬೆನ್ನ ಮೇಲೆಯೇ ಯಂತ್ರ ಮೂರೂವರೆ ಮೀಟರ್ ನಡೆದು ಕಂಬದ ತಲೆಯ ಬಳಿ ಕೂತರೆ ಚಾನೆಲ್‌ಗಳಿಗೆ ಬೀಳುವ ಹೊರೆ ಹೆಸರಿಗಷ್ಟೇ. ಎಂಜಿನಿಯರು ಒಪ್ಪಿದರು. ಕಣ್ಣಿಗೆ ಬೀಳಬಾರದೆಂದರೆ ಮೇಲೆ ತಾಡಪಾಲು ಹೊದಿಸಿದರಾಯಿತು ಎಂದು ಸಾಹುಕಾರರನ್ನು ಒಪ್ಪಿಸಿದ್ದು ಅವರ ಮಗಳು.

ಏರಿಸುವುದು ಹೇಗೆ? ಹಮಾಲರ ಮೇಸ್ತ್ರಿ ಸೂರು ಹೊತ್ತ ಕಬ್ಬಿಣದ ಚೌಕಟ್ಟಿಗೆ, ಅಂದರೆ ಟ್ರಸ್ಸಿಗೆ, ಚೈನ್ ಪುಲ್ಲಿ ಕಟ್ಟೋಣ ಎಂದ. ಎಲ್ಲ ಮಿಲ್ಲುಗಳಲ್ಲಿಯೂ ಮೊದಲು ಬರುವ ಮಾತು ಇದೇ. ಟ್ರಸ್ ಕಟ್ಟಿರುವುದು ತಗಡು, ಗಾಳಿ ಮತ್ತು ರಿಪೇರಿಗೆ ಹತ್ತುವ ಒಬ್ಬಿಬ್ಬರನ್ನು ಹೊರಲು. ಒಂದೇ ಕೋಲಿನ ನಡುವೆ ಟನ್ನುಗಟ್ಟಲೆ ನೇತುಹಾಕಲು ಅಲ್ಲ. ಬೇಡವೆಂದೆ. ಸರಪಳಿಯ ವಿಚಾರದಲ್ಲಿ ಈ ಭಾಗದಲ್ಲಿ ಈಗ ಯಾರೂ ವಾದ ಮಾಡುವುದಿಲ್ಲ. ಆ ಆಗಸ್ಟ್ 10ರ ರಾತ್ರಿಯಷ್ಟೇ ತುಂಗಭದ್ರಾ ಅಣೆಕಟ್ಟೆಯ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ನಮ್ಮ ಕಾಲುವೆಯ ಎರಡನೆಯ ಬೆಳೆಯ ನೀರು ಹೊಳೆಗೆ ಹರಿಯುವುದನ್ನು ನೋಡುತ್ತ ಇಡೀ ಕಾರಟಗಿ ಒಂದು ವಾರ ನಿದ್ದೆಗೆಟ್ಟಿತ್ತು. ಹರಿಯುವ ನೀರಿನಲ್ಲಿ ಕ್ರೇನಿನಿಂದ ಗೇಟಿಗೆ ಬದಲಾಗಿ ಇಳಿಸುವ ಕಬ್ಬಿಣದ ಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿ ಮುಚ್ಚಿದವರ ಕೆಲಸವನ್ನು ಮೊಬೈಲಿನಲ್ಲಿ ನೋಡಿದ ಮೇಲೆ, ನಾನು ಚೈನ್ ಪುಲ್ಲಿಯ ಒಂದೊಂದು ಕೊಂಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು ನೋಡುವಾಗ ಹಮಾಲರು ನಗುವುದನ್ನು ಬಿಟ್ಟಿದ್ದಾರೆ.

ಹೊರಗಿನಿಂದ ಹೈಡ್ರಾ ಕ್ರೇನ್ ತರಿಸಿದೆವು. ಲೋಡಿಂಗ್ ಬದಿಯ ಸೂರಿನ ನಾಲ್ಕು ತಗಡು ಬಿಚ್ಚಿ ಬೂಮ್, ಅಂದರೆ ಕ್ರೇನಿನ ತೋಳು, ಒಳಕ್ಕೆ ಬರುವಂತೆ ದಾರಿ ಮಾಡಿದೆವು. ಅಂಗಳದ ಮೇಲೆ ಹಾದುಹೋಗುವ 11 ಕೆವಿ ಲೈನು ಬೂಮಿಗೆ ಹತ್ತಿರವಾಗುತ್ತದೆ ಎಂದು ಜೆಸ್ಕಾಂಗೆ ಅರ್ಜಿ ಕೊಟ್ಟು ಅರ್ಧ ದಿನ ವಿದ್ಯುತ್ ನಿಲ್ಲಿಸಿಕೊಂಡೆವು. ಕ್ರೇನಿನ ಮೇಲೆ 12 ಟನ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದು ಬೂಮ್ ಮೊಟಕಾಗಿ ಹತ್ತಿರವಿರುವಾಗಿನ ಮಾತು. ಚಾಚಿದಂತೆಲ್ಲ ಇಳಿಯುತ್ತದೆ. ಚಾಲಕನ ಕ್ಯಾಬಿನಿನಲ್ಲಿ ಅಂಟಿಸಿದ ಪಟ್ಟಿಯನ್ನು ಓದಿ, ನಮ್ಮ ದೂರಕ್ಕೆ ಎಷ್ಟು ಎತ್ತುತ್ತದೆ ಎಂದು ಅವನ ಬಾಯಿಂದಲೇ ಹೇಳಿಸಿದ ಮೇಲೆಯೇ ಕೊಕ್ಕೆ ಇಳಿಸಿದ್ದು.

ಜೋಲಿಗೆ ಎರಡು ಟನ್ನಿನ ಹಸಿರು ಬೆಲ್ಟ್ ಸ್ಲಿಂಗ್ ಎರಡು. ಬಣ್ಣಕ್ಕೂ ಅರ್ಥವಿದೆ: ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು. ಹಗ್ಗ ಮೊಟಕಾಗಿ ಚಪ್ಪಟೆಯಾಗಿ ಹಿಡಿದಷ್ಟೂ ಅದರ ಮೇಲಿನ ಎಳೆತ ಹೆಚ್ಚು ಎಂಬುದನ್ನು ಹೊಸ ಹುಡುಗರು ನಂಬುವುದಿಲ್ಲ. ನೆಲಕ್ಕೆ 60 ಡಿಗ್ರಿ ಇದ್ದರೆ ಒಂದೊಂದು ಕಾಲಿಗೂ ಭಾರದ ಅರ್ಧಕ್ಕಿಂತ ತುಸು ಹೆಚ್ಚು. 30 ಡಿಗ್ರಿಗೆ ಇಳಿದರೆ ಒಂದೊಂದು ಕಾಲೂ ಪೂರ್ತಿ ಭಾರವನ್ನೇ ಹೊರುತ್ತದೆ. ಎರಕದ ಚೂಪು ಅಂಚು ತಾಗುವ ಕಡೆ ಹಳೆಯ ಎಲಿವೇಟರ್ ಬೆಲ್ಟಿನ ತುಂಡು ಸಿಕ್ಕಿಸಿದೆ.

ಮೊದಲು ಮೋಟಾರು ಏರಿತು. ಅದು ತಾಲೀಮು ಇದ್ದ ಹಾಗೆ. ಎಲ್ಲಿ ಎಡವುತ್ತೇವೆ ಎಂಬುದು 330 ಕಿಲೋದಲ್ಲಿಯೇ ತಿಳಿದರೆ ಒಳ್ಳೆಯದು. ತಿಳಿಯಿತು ಕೂಡ: ಸನ್ನೆ ಕೊಡುವವರು ಮೂವರಾಗಿಬಿಟ್ಟಿದ್ದರು. ಚಾಲಕ ಗೊಂದಲಗೊಂಡು ನಿಲ್ಲಿಸಿದ. ಸನ್ನೆ ಒಬ್ಬನದೇ, ಉಳಿದವರು ಕೈ ಎತ್ತಿದರೆ ಅದು "ನಿಲ್ಲು" ಎಂದಷ್ಟೇ ಅರ್ಥ ಎಂದು ಗೊತ್ತುಮಾಡಿಕೊಂಡೆವು. ಮೋಟಾರನ್ನು ನಡುಗಂಬದ ಆಚೆ ಬದಿಗೆ ದಾಟಿಸಿ ಇಟ್ಟ ಮೇಲೆ ಪಾಲಿಶರ್. ನೆಲದಿಂದ ಒಂದು ಗೇಣು ಎತ್ತಿಸಿ ಹತ್ತು ನಿಮಿಷ ಹಾಗೆಯೇ ಬಿಟ್ಟೆ. ಮೋಟಾರಿನ ಬ್ರಾಕೆಟ್ ಇರುವ ಬದಿಗೆ ಅದು ಗೂಳಿಯ ಹಾಗೆ ತಲೆ ತಗ್ಗಿಸಿತು. ಇಳಿಸಿ, ಒಂದು ಬದಿಯ ಜೋಲಿಯನ್ನು ಮೊಟಕು ಮಾಡಿ, ಮತ್ತೆ ಎತ್ತಿದಾಗ ನೆಟ್ಟಗೆ ನಿಂತಿತು. ಎರಡು ಮೂಲೆಗೆ ಕಟ್ಟಿದ ಹಗ್ಗವನ್ನು ಇಬ್ಬರು ದೂರದಿಂದ ಹಿಡಿದಿದ್ದರು. ಅಟ್ಟದ ಕೆಳಗೆ ಯಾರೂ ಇಲ್ಲ. ನಾಯಿಯೊಂದು ಮಲಗಿತ್ತು, ಅದನ್ನೂ ಎಬ್ಬಿಸಿದೆವು.

ಮೇಲಿನ ಮೂರೂವರೆ ಮೀಟರಿಗೆ ಎರಡು ಗಂಟೆ. ನಡುತೊಲೆಯ ಎರಡೂ ಪಕ್ಕಕ್ಕೆ, ಒಂದಕ್ಕೊಂದು ಮುಕ್ಕಾಲು ಮೀಟರ್ ದೂರದಲ್ಲಿ, 150 ಮಿಲಿಮೀಟರಿನ ಚಾನೆಲ್ ಎರಡನ್ನು ಹಳಿಯಂತೆ ಹಾಸಿದ್ದೆ. ಪ್ರತಿ ಹಳಿಯೂ ಅಡಿಯ ಆರೇಳು ಚಾನೆಲ್‌ಗಳ ಮೇಲೆ, ತೊಲೆಗೆ ಹತ್ತಿರವಾಗಿ ಕೂರುತ್ತದೆ. ಪ್ಲೇಟಿನ ಸಂದು ಎಲ್ಲಿದ್ದರೂ ಗಾಲಿ ಬೀಳುವ ಭಯವಿಲ್ಲ. ಹಳಿಯ ಮೇಲೆ ಎರಡು ಇಂಚಿನ ಪೈಪಿನ ಉರುಳೆಗಳು. ಯಂತ್ರದ ಅಡಿಗೆ ಚಾನೆಲಿನ ಜಾರುಗಾಲು ಬೋಲ್ಟ್ ಮಾಡಿದ್ದೆವು. ಮುಂದಿನಿಂದ ಎಳೆಯಲು ಕೈಹಿಡಿಯ ಲಿವರ್ ಪುಲ್ಲಿ, ಕಟ್ಟಿದ್ದು ಆಚೆ ತುದಿಯ ಕಂಬಕ್ಕೆ, ಕೈಕಂಬಿಗೆ ಅಲ್ಲ. ಹಿಂದಿನಿಂದ ತಡೆಹಗ್ಗ. ಇಬ್ಬರು ಹುಡುಗರು ಜಾಲಿ ಮರದ ಬೆಣೆ ಹಿಡಿದು ಪ್ರತಿ ಅಡಿಗೂ ಉರುಳೆಗೆ ಕೊಡುತ್ತ ಬಂದರು. ತೊಲೆಯ ನಡುವಿಗೆ ಒಂದು ಮೊಳೆಯನ್ನು ಅಂಟಿಸಿ, ಅದರ ಪಕ್ಕ ನೆಲದಿಂದ ಒಂದು ಬಿದಿರನ್ನು ನಿಲ್ಲಿಸಿ, ಮೊಳೆಯ ನೇರಕ್ಕೆ ಬಿಳಿ ಕಾಗದದ ಮೇಲೆ ಗೆರೆ ಹಾಕಿದ್ದೆ. ನೋಡುವವನು ಆರು ಮೀಟರ್ ದೂರದಲ್ಲಿ ಕುಳಿತು ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡುತ್ತಿದ್ದ. ಎಂಜಿನಿಯರು ತೊಲೆ ಒಂದೂವರೆ ಮಿಲಿಮೀಟರ್ ಇಳಿಯಬಹುದು ಎಂದಿದ್ದರು. ತೊಲೆಯ ಕೆಳಗೆ ಒಂದು ಪ್ರಾಪನ್ನು ಐದು ಮಿಲಿಮೀಟರ್ ಸಂದು ಬಿಟ್ಟು ನಿಲ್ಲಿಸಿದ್ದೆ. ಬೇಕಿಲ್ಲ ಎಂದಿದ್ದರು, ಆದರೆ ನನ್ನ ಬೆರಳು ಬೇಕು ಎಂದಿತು. ಯಂತ್ರ ನಟ್ಟನಡುವೆ ಬಂದಾಗ ಕೆಳಗಿನಿಂದ ಕೂಗು ಬಂತು: "ಎರಡು!" ಎಲ್ಲರೂ ಎರಡು ನಿಮಿಷ ನಿಂತೆವು. ಎರಡರಲ್ಲಿಯೇ ಇತ್ತು. ಮುಂದೆ ಸಾಗಿತು. ಕಂಬದ ಹತ್ತಿರವಾದಂತೆ ಮೊಳೆ ತನ್ನಷ್ಟಕ್ಕೆ ಮೇಲೇರಿ ಗೆರೆಯ ಸಮಕ್ಕೆ ಬಂತು.

ಪೈಪುಗಳನ್ನು ತೆಗೆದು, ಜಾರುಗಾಲನ್ನು ಹಳಿಗೆ, ಹಳಿಯನ್ನು ತೊಲೆಗೆ ಕ್ಲಾಂಪ್ ಮಾಡಿದೆವು. ಬಿಚ್ಚಿದ ಕೈಕಂಬಿಯನ್ನು ಸಂಜೆಯೊಳಗೆ ಮರಳಿ ಹಾಕಿಸಿದೆ. ನಾಳೆ ಹಾಕೋಣ ಎಂಬ ಮಾತಿಗೆ ಅಟ್ಟದ ಅಂಚಿನಲ್ಲಿ ಜಾಗವಿಲ್ಲ. ಅಂಚಿಗೆ ಒಂದು ಗೇಣು ಎತ್ತರದ ತಗಡಿನ ಕಟ್ಟು ಹೊಸದಾಗಿ ಬಂತು. ಮೇಲಿನಿಂದ ಉರುಳುವ ಒಂದು ನಟ್ ಸಾಕು ಕೆಳಗಿನವನ ತಲೆಗೆ.

"ಚದರ ಮೀಟರಿಗೆ 500 ಕಿಲೋ" ಎಂದು ಫಲಕ ಬರೆಸಿದೆವು. ಎಂಜಿನಿಯರು ಹೋದ ಮೇಲೆ ಹಮಾಲರ ಮೇಸ್ತ್ರಿ ಅದನ್ನು ಓದಿ, "ಇದು ಎಷ್ಟು ಬೇಲ್?" ಎಂದು ಕೇಳಿದ. ಅವನು ಕೇಳಿದ್ದೇ ಸರಿ. ಅಟ್ಟದ ಮೇಲೆ ಹಳದಿ ಬಣ್ಣದಲ್ಲಿ ಬೇಲ್ ಅಳತೆಯ ಚೌಕಗಳನ್ನು ಬರೆಸಿ, ಒಂದು ಚೌಕಕ್ಕೆ ಒಂದೇ ಬೇಲ್ ಎಂದು ಹೇಳಿದೆ. ಪಾಲಿಶರಿನ ಸುತ್ತ ಕೆಂಪು ಗೆರೆ, ಅದರೊಳಗೆ ಏನೂ ಇಲ್ಲ. ಫಲಕವನ್ನು ಯಾರೂ ಓದುವುದಿಲ್ಲ, ಚೌಕವನ್ನು ಎಲ್ಲರೂ ಪಾಲಿಸುತ್ತಾರೆ. ಉಳಿದ ಬೇಲ್‌ಗಳು ಕೆಳಗೆ ಇಳಿದವು. ಯಂತ್ರವನ್ನು ಮೇಲೇರಿಸಿ ಕೆಳಗೆ ಉಳಿಸಿದ ಜಾಗವನ್ನು ಚೀಲ ತಿಂದಿತು ಎಂದು ಸಾಹುಕಾರರು ಇಂದಿಗೂ ಗೊಣಗುತ್ತಾರೆ.

ಮೇಲೆ ಇಟ್ಟು ಮರೆಯುವ ಹಾಗಿಲ್ಲ. ಮಿಲ್ಲು ಓಡುವಾಗ ಅಟ್ಟ ಸಣ್ಣಗೆ ನಡುಗುತ್ತದೆ. ನಿಂತ ಮೋಟಾರಿನ ಬೇರಿಂಗಿನಲ್ಲಿ ಗುಂಡುಗಳು ಒಂದೇ ಜಾಗದಲ್ಲಿ ಕುಳಿತು ಆ ನಡುಕಕ್ಕೆ ಪಥವನ್ನು ಕುಟ್ಟಿ ಕುಳಿ ಮಾಡುತ್ತವೆ. ಓಡಿಸದೆಯೇ ಹಾಳಾದ ಬೇರಿಂಗುಗಳನ್ನು ನಾನು ಬಿಚ್ಚಿದ್ದೇನೆ. ಅದಕ್ಕೆ ಮೋಟಾರಿನಡಿ ರಬ್ಬರ್ ಹಾಸು, ತಿಂಗಳಿಗೊಮ್ಮೆ ಶಾಫ್ಟನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸುವುದು. ಎಲ್ಲಿ ನಿಂತಿದೆ ಎಂದು ಸೀಮೆಸುಣ್ಣದ ಗುರುತು. ಅದೇ ದಿನ ನೂಲೂ ಕಟ್ಟುತ್ತೇನೆ.

ಹೋದ ಬೇಸಿಗೆಯಲ್ಲಿ ಸಾಹುಕಾರರಿಗೆ ಹೊಸ ಯೋಚನೆ ಬಂತು: ಹೇಗೂ ಮೇಲೆಯೇ ಇದೆಯಲ್ಲ, ಅಲ್ಲಿಯೇ ಜೋಡಿಸಿ ಓಡಿಸಿದರೆ ಅಕ್ಕಿ ತಾನಾಗಿ ಕೆಳಗೆ ಇಳಿಯುತ್ತದೆ. ಎಂಜಿನಿಯರಿಗೆ ಫೋನ್ ಮಾಡಿದೆ. ನಿಂತ 1,180 ಕಿಲೋ ಬೇರೆ, ನಿಮಿಷಕ್ಕೆ ನೂರಾರು ಸುತ್ತು ತಿರುಗುವ 1,180 ಕಿಲೋ ಬೇರೆ. ಅದಕ್ಕೆ ನೆಲದಿಂದಲೇ ಬೇರೆ ಚೌಕಟ್ಟು ಬೇಕು, ಈ ಅಟ್ಟಕ್ಕೆ ಅದು ತಾಗಲೂಬಾರದು ಎಂದರು. ಆದ್ದರಿಂದ ಅದನ್ನು ಕೆಳಗಿಳಿಸುವುದು ಎಂದಾಯಿತು. ದಾರಿ ಅದೇ, ತಿರುಗುಮುರುಗಾಗಿ. ಪೈಪು, ಬೆಣೆ, ಬಿದಿರು ಎಲ್ಲವನ್ನೂ ಒಂದೇ ಕಟ್ಟು ಮಾಡಿ ಏಣಿಯ ಹಿಂದೆ ಇಟ್ಟಿದ್ದೆ. ನಿನ್ನೆ ಬಿಚ್ಚಿ ಎಣಿಸಿದರೆ ಆರು ಪೈಪಿನಲ್ಲಿ ಎರಡು ಇಲ್ಲ. ಒಂದು ಹಮಾಲರ ಕೋಣೆಯಲ್ಲಿ ಬಟ್ಟೆ ಒಣಹಾಕುವ ಗಳುವಾಗಿ ಸಿಕ್ಕಿತು. ಇನ್ನೊಂದನ್ನು ಹುಡುಕುತ್ತಿದ್ದೇನೆ.